ಯಾತ್ರೆಯ ದಾರಿಯಲ್ಲಿ ದಂಪತಿಗಳ ಬಿಡಾರ

ಮನೆಯಲ್ಲಿರುವ ಗೃಹಸ್ಥನ ಧರ್ಮವನ್ನು ಕುರಿತು ಶಾಸ್ತ್ರಕಾರರು ವಿಸ್ತಾರವಾಗಿ ಹೇಳಿರುವರು. ಮನೆಯನ್ನು ತೊರೆದ ಸಂನ್ಯಾಸಿಯ ಧರ್ಮವನ್ನೂ ಅಷ್ಟೇ ವಿಸ್ತಾರವಾಗಿ ಹೇಳಿರುವರು. ಇವರಿಬ್ಬರ ನಡುವೆ ಇನ್ನೊಬ್ಬನಿದ್ದಾನೆ. ಅವನು ಗೃಹಸ್ಥನೇ ಸರಿ. ಆದರೆ ಕೆಲವು ದಿವಸಗಳ ಮಟ್ಟಿಗೆ ಮನೆಯನ್ನು ಬಿಟ್ಟು, ಹೆಂಡತಿಯನ್ನು ಕರೆದುಕೊಂಡು, ಕಾಲ್ನಡೆಯಿಂದ ದೂರದ ಕ್ಷೇತ್ರಕ್ಕೆ ಹೊರಟಿದ್ದಾನೆ. ಹಗಲಿನಲ್ಲಿ ಅವರಿಬ್ಬರೂ ಯಾತ್ರಿಕರು. ರಾತ್ರಿಯಾದರೆ ಅವರಿಬ್ಬರೂ ಗಂಡಹೆಂಡಿರು. ಆ ರಾತ್ರಿ ಅವರು ಎಲ್ಲಿ ತಂಗಬೇಕು? ಎಲ್ಲರೊಡನೆ ಗುಡಿಯ ಕಟ್ಟೆಯ ಮೇಲೆಯೋ, ಮರೆಯುಳ್ಳ ಒಂದು ಖೋಲಿಯಲ್ಲಿಯೋ? ಮರೆಯನ್ನು ಬೇಡುವದು ಯಾತ್ರಾಧರ್ಮಕ್ಕೆ ಕುಂದೋ ಅಲ್ಲವೋ? ಪ್ರಶ್ನೆಯು ಮೇಲುನೋಟಕ್ಕೆ ಸಣ್ಣದಾಗಿ ತೋರುವದು. ಆದರೆ ಯಾತ್ರೆಯು ಯಾರ ಸಲುವಾಗಿ ಇದೆ ಎಂಬ ದೊಡ್ಡ ಪ್ರಶ್ನೆಯು ಅದರೊಳಗೆ ಅಡಗಿದೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ವಾಚಕರಿಗೆ ಇದು ಕೇಳದ ಮಾತಲ್ಲ. ಪ್ರತಿವರ್ಷ ಯುಗಾದಿಯ ಮುಂಚೆ, ಫಾಲ್ಗುಣದ ಬಿಸಿಲಿನಲ್ಲಿ, ಈ ಸೀಮೆಯ ಊರೂರುಗಳಿಂದ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ಜನರು ಪಾದಯಾತ್ರೆ ಹೊರಡುವರು. ಕಂಬಿಯನ್ನು ಹೊತ್ತವರು ಮುಂದೆ, ಉಳಿದವರು ಹಿಂದೆ. ಮರಗಾಲು ಕಟ್ಟಿಕೊಂಡು ನಡೆಯುವ ಹರಕೆಯವರೂ ಉಂಟು. ದಾರಿಯು ಮುನ್ನೂರು ಕಿಲೋಮೀಟರಿಗೂ ಮಿಕ್ಕದ್ದು. ರಾಯಚೂರ ಸೀಮೆಯನ್ನು ಹಾದು, ತುಂಗಭದ್ರೆಯನ್ನು ದಾಟಿ, ಆತ್ಮಕೂರಿನ ಕಡೆಯಿಂದ ನಲ್ಲಮಲೆಯ ಅಡವಿಯನ್ನು ಹೊಕ್ಕು, ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನುಗಳನ್ನು ಹಿಂದಿಕ್ಕಿ ಕೈಲಾಸದ್ವಾರವನ್ನೇರುವ ವರೆಗೆ ಎಷ್ಟೋ ರಾತ್ರಿಗಳು ಕಳೆಯುವವು. ದಾರಿಯ ಊರಿನವರು ದಾಸೋಹಕ್ಕೆ ಕೊರತೆ ಮಾಡುವದಿಲ್ಲ. ರೊಟ್ಟಿ, ಝುಣಕ, ಮಜ್ಜಿಗೆ, ಅಂಬಲಿ ಎಲ್ಲವೂ ಸಿದ್ಧವಿರುವವು. ಬೊಕ್ಕೆ ಎದ್ದ ಅಂಗಾಲಿಗೆ ಎಣ್ಣೆ ಹಚ್ಚುವ ಪುಣ್ಯವಂತರೂ ಉಂಟು. ಅನ್ನದ ಚಿಂತೆಯಿಲ್ಲ, ನೀರಿನ ಚಿಂತೆಯಿಲ್ಲ. ಉಳಿಯುವದು ರಾತ್ರಿಯ ಚಿಂತೆಯೊಂದೇ.

ಗುಡಿಯ ಪೌಳಿ, ಮಠದ ಪಡಸಾಲೆ, ಶಾಲೆಯ ಖೋಲಿ, ಹೊಲದ ಬದು, ಇವೇ ಯಾತ್ರಿಕರ ಬಿಡಾರಗಳು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಮಲಗುವದು ರೂಢಿ. ಹೀಗಿರಲು ಒಂದು ಜೋಡಿಯು ಊರೊಳಗೆ ಹೋಗಿ, ‘ನಮಗೆ ಈ ರಾತ್ರಿಗೆ ಮರೆಯಾದ ಒಂದು ಜಾಗ ಸಿಕ್ಕೀತೆ?’ ಎಂದು ಯಾರದಾದರೂ ಮನೆಯಲ್ಲಿ ಕೇಳಿದರೆ, ಅಥವಾ ಇಳಕಲ್ಲಿನಂಥ ಊರಲ್ಲಿ ಲಾಡ್ಜಿನ ಖೋಲಿಯನ್ನು ಹಿಡಿದರೆ, ಗುಂಪಿನಲ್ಲಿ ಪಿಸುಮಾತು ಏಳುವದು. ಕೆಲವರು ನಗುವರು; ಕೆಲವರು ‘ಯಾತ್ರೆಗೆ ಬಂದರೋ, ಮಾವನ ಮನೆಗೆ ಬಂದರೋ’ ಎನ್ನುವರು. ಮರುದಿನ ಆ ಹೆಣ್ಣುಮಗಳು ತಲೆಯೆತ್ತಿ ನಡೆಯಲಾರಳು. ಮುಂದಿನ ವರ್ಷ ಅವಳು ಬರುವದೇ ಇಲ್ಲ.

ಆಕ್ಷೇಪಿಸುವವರ ಪಕ್ಷದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಅವರ ಮೊದಲನೆಯ ಮಾತು ಇದು: ತೀರ್ಥಯಾತ್ರೆಯೆಂಬುದು ಕೆಲವು ದಿವಸಗಳ ಸಂನ್ಯಾಸವಿದ್ದಂತೆ. ಬ್ರಹ್ಮಚರ್ಯ, ನೆಲದ ಮೇಲೆ ಮಲಗುವದು, ಮಿತವಾದ ಆಹಾರ, ಕೋಪವನ್ನು ಬಿಡುವದು, ಇವು ಯಾತ್ರಿಕನ ನಿಯಮಗಳು. ಮನೆಯನ್ನು ಬಿಟ್ಟು ಬಂದವನು ದಾರಿಯುದ್ದಕ್ಕೂ ಮನೆಯನ್ನೇ ಹುಡುಕಿದರೆ ಬಿಟ್ಟದ್ದಾದರೂ ಏನು? ಎರಡನೆಯ ಮಾತು: ಗುಡಿಯ ಕಟ್ಟೆಯ ಮೇಲೆ ಒಕ್ಕಲಿಗನೂ ವ್ಯಾಪಾರಿಯೂ ನೇಕಾರನೂ ಒಂದೇ ಸಾಲಿನಲ್ಲಿ ಮಲಗುವರು; ಈ ಸಮಾನತೆಯೇ ಯಾತ್ರೆಯ ದೊಡ್ಡ ಫಲ. ಒಬ್ಬರು ಖೋಲಿಯನ್ನು ಹಿಡಿದರೆ ನಾಳೆ ಹತ್ತು ಜನ ಹಿಡಿಯುವರು. ಹಣವಿದ್ದವನು ಕದ ಹಾಕಿಕೊಳ್ಳುವನು, ಇಲ್ಲದವನು ಬಯಲಲ್ಲಿ ಉಳಿಯುವನು. ಮೂರನೆಯ ಮಾತು: ದಾರಿಯ ಊರಿನ ಬಡವನ ಮನೆಯಲ್ಲಿ ಇರುವದು ಎರಡು ಅಂಕಣ. ಒಂದನ್ನು ಯಾತ್ರಿಕ ದಂಪತಿಗಳಿಗೆ ಬಿಟ್ಟುಕೊಟ್ಟರೆ ಅವನ ಮಕ್ಕಳು ಅಂಗಳದಲ್ಲಿ ಮಲಗಬೇಕು. ಇದು ಭಕ್ತಿಯ ಹೆಸರಿನಲ್ಲಿ ಭಾರ ಹೊರಿಸಿದಂತಲ್ಲವೆ?

ಈ ಮೂರು ಮಾತುಗಳಿಗೂ ಉತ್ತರ ಹೇಳಬೇಕಾದರೆ ಪದ್ಮಪುರಾಣದ ಒಂದು ಕಥೆಯನ್ನು ನೆನೆಯುವದು ಅವಶ್ಯ. ವಾರಾಣಸಿಯಲ್ಲಿ ಕೃಕಲನೆಂಬ ವೈಶ್ಯನಿದ್ದನು. ಅವನ ಹೆಂಡತಿ ಸುಕಲೆ. ಯಾತ್ರಿಕರ ತಂಡವೊಂದು ಹೊರಟಾಗ ಕೃಕಲನಿಗೂ ಹೋಗಬೇಕೆನ್ನಿಸಿತು. ಸುಕಲೆಯು ತಾನೂ ಬರುವೆನೆಂದಳು. ಆಗ ಅವನು ತನ್ನೊಳಗೆ ಆಲೋಚಿಸಿದನು: ದಾರಿಯು ದುರ್ಗಮ, ಬಿಸಿಲು, ಚಳಿ, ಹಸಿವು, ನೀರಡಿಕೆಗಳಿಂದ ಇವಳ ಮೈ ಬಾಡಿಹೋದೀತು. ಹೀಗೆಂದುಕೊಂಡು ಅವಳಿಗೆ ತಿಳಿಸದೆಯೇ ಹೊರಟುಹೋದನು. ಅವನಲ್ಲಿ ದುರ್ಬುದ್ಧಿಯಿರಲಿಲ್ಲ; ಇದ್ದದ್ದು ಪ್ರೀತಿಯೇ. ತೀರ್ಥಗಳನ್ನೆಲ್ಲ ಸುತ್ತಿ, ಪಿತೃಗಳಿಗೆ ಶ್ರಾದ್ಧಗಳನ್ನು ಮಾಡಿ, ಕೃತಾರ್ಥನಾದೆನೆಂದು ಹಿಂದಿರುಗುವಾಗ ಧರ್ಮನೇ ಎದುರಿಗೆ ನಿಂತು, ಅವನ ಪಿತೃಗಳು ಬಂಧನದಲ್ಲಿರುವದನ್ನು ತೋರಿಸಿದನು. ಸಹಧರ್ಮಿಣಿಯನ್ನು ಬಿಟ್ಟು ಮಾಡಿದ ಯಾತ್ರೆಯೂ ಶ್ರಾದ್ಧವೂ ನಿಷ್ಫಲವಾದವೆಂದು ತಿಳಿಸಿದನು. ಇತ್ತ ಸುಕಲೆಯು ಇಂದ್ರನ ಪ್ರಲೋಭನೆಯನ್ನೂ ಗೆದ್ದು ಮನೆಯಲ್ಲಿಯೇ ದೃಢವಾಗಿದ್ದಳು. ಕೃಕಲನು ಮನೆಗೆ ಬಂದು ಅವಳನ್ನು ಸಮಾಧಾನಪಡಿಸಿ, ಅವಳೊಡಗೂಡಿ ಶ್ರಾದ್ಧವನ್ನು ಮಾಡಿದ ಮೇಲೆಯೇ ಪಿತೃಗಳು ತೃಪ್ತರಾದರು.

ಈ ಕಥೆಯಲ್ಲಿ ಗಮನಿಸತಕ್ಕ ಅಂಶವೊಂದಿದೆ. ಕೃಕಲನ ತಪ್ಪು ಹೆಂಡತಿಯನ್ನು ದ್ವೇಷಿಸಿದ್ದಲ್ಲ. ದಾರಿಯು ಅವಳಿಗೆ ತಕ್ಕದ್ದಲ್ಲವೆಂದು ಕಂಡಾಗ, ದಾರಿಯನ್ನು ಅವಳಿಗೆ ತಕ್ಕಂತೆ ಮಾಡುವ ಆಲೋಚನೆಯನ್ನು ಬಿಟ್ಟು ಅವಳನ್ನೇ ಬಿಟ್ಟದ್ದು ಅವನ ತಪ್ಪು. ಇಂದಿನ ಎಷ್ಟೋ ಮನೆಗಳಲ್ಲಿ ನಡೆಯುವದೂ ಇದೇ. ‘ಈಕೆಗೆ ದಾರಿಯಲ್ಲಿ ಅಡಚಣೆಯಾದೀತು’ ಎಂದು ಹೇಳಿ ಗಂಡಸು ಕಂಬಿಯೊಡನೆ ಹೊರಡುವನು. ಹೆಂಡತಿ ಬಾಗಿಲಲ್ಲಿ ನಿಂತು ಬುತ್ತಿಯನ್ನು ಕೊಡುವಳು. ಅಡಚಣೆಯೆಂದರೆ ಯಾವದು? ಕಾಲು ಸೋಲುವದಲ್ಲ. ಹೊಲದಲ್ಲಿ ಬೆಳಗಿನಿಂದ ಬೈಗಿನ ವರೆಗೆ ಕಳೆ ತೆಗೆಯುವ ಹೆಣ್ಣುಮಗಳ ಕಾಲು ಅಷ್ಟು ಬೇಗ ಸೋಲದು. ಸ್ನಾನಕ್ಕೆ ಮರೆಯಿಲ್ಲ, ಸೀರೆ ಬದಲಿಸಲು ಮರೆಯಿಲ್ಲ, ತಿಂಗಳ ದಿನಗಳು ಬಂದರೆ ಕೂಡ್ರಲು ಎಡೆಯಿಲ್ಲ, ಎದೆಹಾಲು ಕುಡಿಯುವ ಕೂಸಿದ್ದರೆ ತಿರುಗಿ ಕುಳಿತುಕೊಳ್ಳಲು ಗೋಡೆಯಿಲ್ಲ. ಇವೇ ಅಡಚಣೆಗಳು. ಗಂಡಸರ ಗುಂಪಿನಲ್ಲಿ ಇವುಗಳ ಮಾತೇ ಏಳದು. ಏಕೆಂದರೆ ಮರೆಯಿಲ್ಲದಿರುವದು ಅವರಿಗೆ ಕೊರತೆಯಾಗಿ ತೋರುವದಿಲ್ಲ. ಬಯಲು ಎಲ್ಲರಿಗೂ ಸಮಾನವೆಂಬ ಮಾತು ಕೇಳಲು ಚೆನ್ನಾಗಿದೆ. ಆದರೆ ಬಯಲಿನಲ್ಲಿ ಮಲಗಲು ಬರುವವರಿಗಷ್ಟೇ ಅದು ಸಮಾನ. ಬರಲಾರದೆ ಮನೆಯಲ್ಲುಳಿದವಳನ್ನು ಎಣಿಕೆಗೆ ತೆಗೆದುಕೊಳ್ಳದೆ ಮಾಡಿದ ಸಮಾನತೆಯು ಅರ್ಧ ಸಮಾನತೆಯೇ ಸರಿ.

ಕನ್ನಡ ನಾಡಿನ ಭಕ್ತರು ಭ್ರಮರಾಂಬೆಯನ್ನು ತಮ್ಮ ಮನೆಯ ಮಗಳೆಂದೇ ಭಾವಿಸುವರು. ಯುಗಾದಿಗೆ ಅವಳಿಗೆ ಸೀರೆ, ಅರಿಶಿಣ, ಕುಂಕುಮ, ಬಳೆಗಳನ್ನು ತವರಿನಿಂದ ಒಯ್ಯುವಂತೆ ಒಯ್ಯುವರು. ಮಲ್ಲಯ್ಯನು ಅಳಿಯನಾದನು. ಇದು ಎಂಥ ಮಧುರವಾದ ಭಾವನೆಯೆಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಈ ಭಾವನೆಯನ್ನು ನಿಜವೆಂದು ಹಿಡಿದರೆ ಅದರಿಂದ ಒಂದು ಕರ್ತವ್ಯವೂ ಹುಟ್ಟುವದು. ಗಂಡನ ಮನೆಯಲ್ಲಿರುವ ಮಗಳನ್ನು ನೋಡಲು ತಂದೆಯೊಬ್ಬನೇ ಹೋದರೆ ಮಗಳು ಮೊದಲು ಕೇಳುವ ಮಾತು, ‘ಅವ್ವ ಯಾಕೆ ಬರಲಿಲ್ಲ?’ ಎಂಬುದು. ಆ ಪ್ರಶ್ನೆಗೆ, ‘ದಾರಿಯಲ್ಲಿ ಅವಳಿಗೆ ಮಲಗಲು ಜಾಗವಿರಲಿಲ್ಲ’ ಎಂದು ಉತ್ತರ ಕೊಡುವದು ಯಾವ ತಂದೆಗೂ ಶೋಭಿಸದು.

ಇನ್ನು ವ್ರತದ ಮಾತು. ದಂಪತಿಗಳು ಖೋಲಿಯನ್ನು ಬೇಡಿದೊಡನೆ ಕೇಳುವವರ ಮನಸ್ಸು ಒಂದೇ ಕಡೆಗೆ ಓಡುವದು. ಇದು ಬೇಡಿದವರ ದೋಷವಲ್ಲ, ಕೇಳಿದವರ ದೋಷ. ಗಂಡಹೆಂಡಿರ ಏಕಾಂತವೆಂದರೆ ಭೋಗವೊಂದೇ ಎಂದು ತಿಳಿದವನು ಗೃಹಸ್ಥಾಶ್ರಮವನ್ನೇ ಅರಿಯನು. ಅರವತ್ತು ದಾಟಿದ ಗಂಡನಿಗೆ ರಾತ್ರಿ ಎರಡು ಸಲ ಎದ್ದು ಹೊರಗೆ ಹೋಗಬೇಕು. ಕತ್ತಲೆಯಲ್ಲಿ ಕೈಹಿಡಿಯುವವಳು ಹೆಂಡತಿ. ಅವಳ ಮೊಣಕಾಲು ಬಾತಿದ್ದರೆ ಎಣ್ಣೆ ತಿಕ್ಕುವವನು ಗಂಡ. ನೂರು ಜನರೆದುರಿಗೆ ಅವನಿಂದ ಕಾಲು ತಿಕ್ಕಿಸಿಕೊಳ್ಳಲು ಅವಳು ಒಪ್ಪಳು. ಮಗನನ್ನು ಕಳೆದುಕೊಂಡು ಹರಕೆ ಹೊತ್ತು ಬಂದ ತಂದೆತಾಯಿಗಳಿದ್ದಾರೆ; ಹಗಲೆಲ್ಲ ಮಲ್ಲಯ್ಯನ ಹೆಸರು ಹೇಳಿ ನಡೆದವರು ರಾತ್ರಿ ಒಬ್ಬರ ಮುಂದೊಬ್ಬರು ಅಳಬೇಕಾಗಿದೆ. ಅಳುವದಕ್ಕೂ ಮರೆ ಬೇಕು. ವ್ರತವನ್ನು ಕಾಯುವದು ಮನಸ್ಸು. ಗೋಡೆಯು ವ್ರತವನ್ನು ಕೆಡಿಸದು, ಬಯಲು ವ್ರತವನ್ನು ಕಾಯದು. ಮಹಾಭಾರತದ ವನಪರ್ವದಲ್ಲಿಯೂ ತೀರ್ಥಫಲವು ಇಂದ್ರಿಯನಿಗ್ರಹವುಳ್ಳವನಿಗೆ ಎಂದೇ ಹೇಳಿದೆಯಲ್ಲದೆ ಇಂಥ ಎಡೆಯಲ್ಲಿ ಮಲಗಿದವನಿಗೆ ಎಂದು ಹೇಳಿಲ್ಲ.

ಶ್ರೀರಾಮನ ವನವಾಸದ ಮೊದಲ ದಿವಸಗಳಲ್ಲಿ ಇದಕ್ಕೆ ಒಪ್ಪುವ ಪ್ರಸಂಗವೊಂದಿದೆ. ಗಂಗೆಯ ತಡಿಯ ಶೃಂಗಬೇರಪುರದಲ್ಲಿ ನಿಷಾದರಾಜನಾದ ಗುಹನು ಬಗೆಬಗೆಯ ಭಕ್ಷ್ಯಗಳನ್ನೂ ಹಾಸಿಗೆಗಳನ್ನೂ ತಂದನು. ರಾಮನು ಅವನ ಪ್ರೀತಿಯನ್ನು ಮನಸಾರೆ ಮನ್ನಿಸಿ, ಕುದುರೆಗಳಿಗೆ ಮೇವನ್ನು ಮಾತ್ರ ತೆಗೆದುಕೊಂಡು, ಉಳಿದದ್ದನ್ನು ವ್ರತದ ಕಾರಣದಿಂದ ಬೇಡವೆಂದನು. ಸೀತೆಯೊಡನೆ ಮರದ ಬುಡದಲ್ಲಿ ನೆಲದ ಮೇಲೆ ಮಲಗಿದನು. ಲಕ್ಷ್ಮಣನು ಅವರ ಕಾಲುಗಳನ್ನು ತೊಳೆದು, ಅಲ್ಲಿಂದ ಸರಿದು, ಮರವನ್ನು ಆಶ್ರಯಿಸಿ ರಾತ್ರಿಯೆಲ್ಲ ಎಚ್ಚರವಾಗಿದ್ದನು. ಅಲ್ಲಿ ಗೋಡೆಯಿರಲಿಲ್ಲ, ಕದವಿರಲಿಲ್ಲ. ಲಕ್ಷ್ಮಣನು ಸರಿದ ಆ ನಾಲ್ಕು ಹೆಜ್ಜೆಗಳೇ ಗೋಡೆಯಾದವು. ಅವನ ಎಚ್ಚರವೇ ಕದವಾಯಿತು. ಖೋಲಿಯು ಸಿಗದ ಊರಿನಲ್ಲಿಯೂ ಮರೆಯನ್ನು ಕೊಡಲು ಬರುವದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ. ಜೊತೆಯವರು ನಾಲ್ಕು ಹೆಜ್ಜೆ ಸರಿದು, ನಗದೆ, ಪಿಸುಗುಟ್ಟದೆ, ಬೆನ್ನು ತಿರುಗಿಸಿ ಮಲಗಿದರೆ ಬಯಲೂ ಮನೆಯಾಗುವದು. ಅವರು ಸರಿಯದಿದ್ದರೆ ಚಿಲಕವಿದ್ದ ಖೋಲಿಯೂ ಸಂತೆಯಾಗುವದು.

ಆದರೆ ಬೇಡುವದಕ್ಕೂ ಒಂದು ಎಲ್ಲೆಯಿದೆ. ಅದನ್ನು ಕಲಿಸಿದವಳು ಕಲ್ಯಾಣದ ಶರಣೆ ಆಯ್ದಕ್ಕಿ ಲಕ್ಕಮ್ಮ. ಅವಳ ಗಂಡ ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ಕಾಯಕವನ್ನು ನಡೆಸುತ್ತಿದ್ದನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಸಂತೋಷಪಡಲಿಲ್ಲ. ತಮಗೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಕೊಡುವವನು ದೊಡ್ಡವನಾದರೂ ತೆಗೆದುಕೊಳ್ಳುವವನ ಅಳತೆಯು ಅವಶ್ಯಕತೆಯೇ ಹೊರತು ಕೊಡುವವನ ಔದಾರ್ಯವಲ್ಲ ಎಂಬುದು ಅವಳ ನಿಲುವು. ಅಕ್ಕಿಗೆ ಹೇಳಿದ್ದು ಅಂಕಣಕ್ಕೂ ಒಪ್ಪುವದು. ಮರೆಯು ಬೇಕಾದವರು ಮರೆಯನ್ನಷ್ಟೇ ಬೇಡಬೇಕು. ಮಂಚ, ಗಾದಿ, ಗಾಳಿಯ ಪಂಖ, ಬಿಸಿನೀರುಗಳನ್ನು ಬೇಡತೊಡಗಿದರೆ ಅವಶ್ಯಕತೆಯು ಅಲ್ಲಿಗೆ ಮುಗಿದು ಭೋಗವು ಮೊದಲಾಯಿತೆಂದು ತಿಳಿಯಬೇಕು. ಮನೆಯ ಯಜಮಾನನು ಭಕ್ತಿಯ ಆವೇಶದಲ್ಲಿ ತಾನೂ ತನ್ನ ಮಕ್ಕಳೂ ಮಲಗುವ ಎಡೆಯನ್ನೇ ಬಿಟ್ಟುಕೊಟ್ಟರೆ, ‘ಅಪ್ಪಾ, ನಿಮ್ಮ ಹಿತ್ತಲ ಪಡಸಾಲೆಗೆ ಒಂದು ಜಮಖಾನೆಯನ್ನು ಅಡ್ಡ ಕಟ್ಟಿಕೊಟ್ಟರೆ ಸಾಕು’ ಎನ್ನುವ ವಿವೇಕವು ಬೇಡಿದವರಲ್ಲಿರಬೇಕು. ಮೂರನೆಯ ಆಕ್ಷೇಪಕ್ಕೆ ಸಮಾಧಾನವು ಇದರಲ್ಲಿದೆ. ಆತಿಥೇಯನ ಮೇಲೆ ಭಾರವಾಗುವದು ಯಾತ್ರಿಕರು ಬೇಡುವದರಿಂದಲ್ಲ, ಅಳತೆ ತಪ್ಪಿ ತೆಗೆದುಕೊಳ್ಳುವದರಿಂದ.

ಇನ್ನೊಂದು ಎಲ್ಲೆಯೂ ಇದೆ. ಮರೆಯುಳ್ಳ ಎಡೆಯು ಒಂದೇ ಇದ್ದು ಬೇಕಾದವರು ಹಲವರಿದ್ದರೆ ಅದು ಯಾರಿಗೆ ಸಲ್ಲಬೇಕು? ಹಣ ಮುಂದಿಟ್ಟವರಿಗೆ ಅಲ್ಲ. ಗುಂಪಿನ ಹಿರಿಯನ ಬೀಗರಿಗೂ ಅಲ್ಲ. ಜ್ವರ ಬಂದವರಿಗೆ ಮೊದಲು, ಕೂಸಿನ ತಾಯಿಗೆ ಆಮೇಲೆ, ಆಮೇಲೆ ಮುದಿ ದಂಪತಿಗಳಿಗೆ, ಕೊನೆಗೆ ಎಳೆಯ ದಂಪತಿಗಳಿಗೆ. ಇಲ್ಲಿ ಒಂದು ಅನ್ಯಾಯದ ವಿಷಯದಲ್ಲಿ ಎಚ್ಚರವಾಗಿರಬೇಕು. ಮುತ್ತೈದೆಯರಿಗೆ ಒಳಗಿನ ಎಡೆಯನ್ನು ಕೊಟ್ಟು, ಗಂಡನಿಲ್ಲದವಳನ್ನು ‘ನಿನಗೇನು ಬೇಕು ಮರೆ’ ಎಂದು ಹೊರಗಿನ ಕಟ್ಟೆಗೆ ಕಳುಹಿಸುವ ರೂಢಿಯು ಕೆಲವೆಡೆಗಳಲ್ಲಿ ಉಂಟು. ದಂಪತಿಗಳಿಗೆ ಮರೆಯು ಸಲ್ಲುವದು ಅವರು ಜೋಡಿಯಾಗಿರುವದರ ಬಹುಮಾನವಾಗಿ ಅಲ್ಲ. ಮಾನವುಳ್ಳ ಮನುಷ್ಯರೆಂಬ ಕಾರಣದಿಂದ ಸಲ್ಲುವದು. ಆ ಕಾರಣವು ಒಬ್ಬಳೇ ಬಂದವಳಿಗೂ ಅಷ್ಟೇ ಅನ್ವಯಿಸುವದು. ಗಂಡನನ್ನೂ ಅರಮನೆಯನ್ನೂ ತೊರೆದು, ಕಲ್ಯಾಣವನ್ನು ಹಾದು, ಶ್ರೀಶೈಲದ ಕದಳಿಗೆ ನಡೆದುಹೋದ ಅಕ್ಕಮಹಾದೇವಿಯು ಒಬ್ಬಳೇ ನಡೆದವಳು. ಅವಳ ದಾರಿಯಲ್ಲಿ ನಡೆಯುವವರು ಒಂಟಿ ಹೆಂಗಸನ್ನು ಹೊರಗೆ ಮಲಗಿಸಿ ಜೋಡಿಗಳಿಗೆ ಕದ ತೆರೆದರೆ ಅಕ್ಕನ ಹೆಸರನ್ನು ಹೇಳುವ ಅಧಿಕಾರವನ್ನು ಕಳೆದುಕೊಳ್ಳುವರು.

ಆತಿಥೇಯರ ಧರ್ಮವನ್ನೂ ಎರಡು ಮಾತಿನಲ್ಲಿ ಹೇಳಬೇಕು. ಜಾಗವನ್ನು ಕೊಡುವ ಮುನ್ನ ಜಾತಿಯನ್ನು ಕೇಳುವದು, ಕೊರಳಿನ ತಾಳಿಯನ್ನು ದಿಟ್ಟಿಸಿ ನೋಡುವದು, ಮಕ್ಕಳೆಷ್ಟು, ಯಾಕಿಲ್ಲ ಎಂದು ವಿಚಾರಿಸುವದು ಅತಿಥಿಸತ್ಕಾರದ ಅಂಗಗಳಲ್ಲ. ಅಪರಿಚಿತರನ್ನು ಒಳಗೆ ಬಿಡುವ ಮನೆಯವರಿಗೆ ಊರು, ಹೆಸರು, ಗುಂಪಿನ ಹಿರಿಯರು ಯಾರೆಂಬುದನ್ನು ಕೇಳುವ ಹಕ್ಕಿದೆ. ಅದಕ್ಕಿಂತ ಮುಂದೆ ಕೇಳಿದರೆ ಕೊಟ್ಟ ಮರೆಯನ್ನು ಮಾತಿನಿಂದಲೇ ಹರಿದಂತಾಗುವದು. ಬಾಡಿಗೆಯನ್ನು ತೆಗೆದುಕೊಳ್ಳುವದು ಪಾಪವೆ? ಪಾಪವಲ್ಲ. ಲಾಡ್ಜು ನಡೆಸುವವನ ಕಾಯಕವೇ ಅದು. ಬಡವನ ಮನೆಯಲ್ಲಿ ಉಳಿದವರು ನೀರು ಕಟ್ಟಿಗೆಗೆಂದು ಏನಾದರೂ ಇಟ್ಟುಹೋಗುವದು ಮರ್ಯಾದೆಯೂ ಹೌದು. ಆದರೆ ಯುಗಾದಿಯ ಗದ್ದಲದಲ್ಲಿ, ಅಡವಿಯ ಮಗ್ಗುಲಿನ ಊರುಗಳಲ್ಲಿ, ದಣಿದವರ ಅಸಹಾಯತೆಯನ್ನು ನೋಡಿ ಬೆಲೆಯನ್ನು ಎರಡು ಮೂರು ಪಟ್ಟು ಏರಿಸುವದು ಕಾಯಕವಲ್ಲ, ಸುಲಿಗೆ.

ಅನ್ಯದೇಶಗಳ ಯಾತ್ರಾಮಾರ್ಗಗಳಲ್ಲಿಯೂ ಇದೇ ತೊಡಕು ಇದೆ. ಸ್ಪೇನ್ ದೇಶದ ಸಾಂತಿಯಾಗೊ ಕ್ಷೇತ್ರಕ್ಕೆ ಕ್ರೈಸ್ತರು ನೂರಾರು ಮೈಲು ನಡೆದುಹೋಗುವರು. ಅಲ್ಲಿಯ ಛತ್ರಗಳಲ್ಲಿ ಒಂದೇ ದೊಡ್ಡ ಖೋಲಿಯಲ್ಲಿ ಮೇಲೊಂದು ಕೆಳಗೊಂದು ಮಂಚಗಳಿರುವವು. ಗಂಡಹೆಂಡಿರು ನಡುನಡುವೆ ಒಂದೊಂದು ರಾತ್ರಿ ಖಾಸಗಿ ಮನೆಗಳಲ್ಲಿ ಬೇರೆ ಖೋಲಿಯನ್ನು ಹಿಡಿಯುವದುಂಟು. ಜಪಾನದ ಶಿಕೋಕು ದ್ವೀಪದಲ್ಲಿ ೮೮ ದೇವಾಲಯಗಳನ್ನು ಸುತ್ತುವ ಬೌದ್ಧ ಯಾತ್ರಿಕರಿಗೆ ಊರಿನವರು ತಮ್ಮ ಮನೆಯಲ್ಲಿ ಪುಕ್ಕಟೆಯಾಗಿ ಇರಲು ಎಡೆಗೊಡುವ ಪದ್ಧತಿಯಿದ್ದು, ಅದನ್ನು ಪುಣ್ಯಕಾರ್ಯವೆಂದೇ ಎಣಿಸುವರು. ಪಂಢರಪುರದ ವಾರಿಯಲ್ಲಿ ದಿಂಡಿಗಳು ತಮ್ಮ ಡೇರೆಗಳನ್ನು ಜೊತೆಗೇ ಒಯ್ಯುವವು. ಅಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ನಡೆಯುವದನ್ನು ಎಲ್ಲರೂ ಬಲ್ಲರು. ಭಕ್ತಿಯ ಭಾಷೆ ಯಾವದೇ ಇರಲಿ, ದಣಿದ ದೇಹವು ಬೇಡುವದು ಎಲ್ಲೆಡೆಯೂ ಒಂದೇ.

ಈ ಸೀಮೆಗೆ ಯಾತ್ರಿಕರನ್ನು ತಂಗಿಸುವ ವಿದ್ಯೆ ಹೊಸದಲ್ಲ. ಬಾದಾಮಿಯ ಬನಶಂಕರಿಯ ಹರಿದ್ರಾತೀರ್ಥದ ಸುತ್ತಲಿನ ಕಲ್ಲಿನ ಸಾಲುಮಂಟಪಗಳು ಇದಕ್ಕೆ ಸಾಕ್ಷಿ. ಪುಷ್ಯಮಾಸದ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಬರುವ ಕುಟುಂಬಗಳು ಚಕ್ಕಡಿಯ ಕೆಳಗೆ ಹಾಸಿ, ಸುತ್ತಲೂ ಸೀರೆಯನ್ನು ಕಟ್ಟಿ, ಅದನ್ನೇ ಮನೆ ಮಾಡಿಕೊಳ್ಳುವ ಜಾಣತನವನ್ನು ಬಲ್ಲವು. ಚಕ್ಕಡಿಯವರಿಗೆ ಸಾಧ್ಯವಾದದ್ದು ಕಾಲ್ನಡೆಯವರಿಗೂ ಸಾಧ್ಯವಾಗಬೇಕು. ಹುನಗುಂದ, ಇಳಕಲ್ಲುಗಳ ದಾರಿಯ ಊರುಗಳಲ್ಲಿ ದಾಸೋಹದ ಪಟ್ಟಿ ಬರೆಯುವವರು ಅಕ್ಕಿ, ಬೇಳೆ, ಕಟ್ಟಿಗೆಗಳ ಜೊತೆಗೆ ‘ಮರೆಯುಳ್ಳ ಜಾಗ’ ಎಂದು ಇನ್ನೊಂದು ಸಾಲನ್ನು ಬರೆದುಕೊಂಡರೆ ಸಾಕು. ಊರಿಗೆ ನಾಲ್ಕು ಮನೆಯವರು ವರ್ಷಕ್ಕೆರಡು ರಾತ್ರಿ ಒಂದು ಖೋಲಿಯನ್ನು ತೆರವು ಮಾಡುವೆವೆಂದು ಒಪ್ಪಲಿ. ಶಾಲೆಯಲ್ಲಿ ಇಳಿಸುವಾಗ ಚಿಲಕವಿದ್ದ ಒಂದು ಖೋಲಿಯು ಹೆಂಗಸರ ಸ್ನಾನಕ್ಕೂ ಬಟ್ಟೆಗೂ ಮೀಸಲಿರಲಿ. ಗುಂಪಿನ ಹಿರಿಯರು ಹಿಂದಿನ ದಿನವೇ ಮೊಬೈಲಿನಿಂದ ಮುಂದಿನ ಊರಿಗೆ, ಮುದುಕರು ಇಷ್ಟು, ಕೂಸಿನವರು ಇಷ್ಟು, ಜೋಡಿಗಳು ಇಷ್ಟು ಎಂದು ತಿಳಿಸಲಿ. ಹೀಗೆ ಮೊದಲೇ ಏರ್ಪಟ್ಟರೆ ದಂಪತಿಗಳು ಕತ್ತಲಾದ ಮೇಲೆ ಮನೆಮನೆಯ ಬಾಗಿಲಲ್ಲಿ ನಿಂತು ಬೇಡಬೇಕಾಗಿಲ್ಲ, ಬೇಡಿದ್ದಕ್ಕೆ ನಗಿಸಿಕೊಳ್ಳಬೇಕಾಗಿಲ್ಲ. ಹಣವಿದ್ದವನಿಗೆ ಕದ, ಇಲ್ಲದವನಿಗೆ ಬಯಲು ಎಂಬ ಎರಡನೆಯ ಆಕ್ಷೇಪವೂ ಇದರಿಂದ ಪರಿಹಾರವಾಗುವದು. ಮರೆಯನ್ನು ಸಮೂಹವೇ ಹಂಚಿದರೆ ಅದು ಧನಿಕರ ಸೊತ್ತಾಗಿ ಉಳಿಯದು.

ಯಾತ್ರೆಯು ಮನೆಯಿಂದ ಓಡಿಹೋಗುವದಲ್ಲ. ಮನೆಯನ್ನು ಶುದ್ಧಮಾಡಿಕೊಂಡು ಹಿಂದಿರುಗುವದು. ಒಡನೆ ನಡೆದು, ಒಡನೆ ದಣಿದು, ಒಡನೆ ದರ್ಶನ ಮಾಡಿ ಬಂದ ಗಂಡಹೆಂಡಿರು ಮರಳಿ ಒಲೆಯನ್ನು ಹೊತ್ತಿಸಿದಾಗ ಆ ಮನೆಯಲ್ಲಿ ಯಾತ್ರೆಯು ಮುಂದುವರಿಯುವದು. ಒಬ್ಬನೇ ಹೋಗಿ ಬಂದರೆ ತಂದ ಪ್ರಸಾದವನ್ನು ಹಂಚಬಹುದಲ್ಲದೆ ಕಂಡದ್ದನ್ನು ಹಂಚಲಾಗದು. ಶ್ರೀಶೈಲದ ಒಂದೇ ಪ್ರಾಕಾರದೊಳಗೆ ಮಲ್ಲಿಕಾರ್ಜುನನಿಗೆ ಒಂದು ಗುಡಿ, ಭ್ರಮರಾಂಬೆಗೆ ಒಂದು ಗುಡಿ ಇವೆ. ಅವರು ಜೊತೆಯಾಗಿಯೂ ಇದ್ದಾರೆ, ಒಬ್ಬೊಬ್ಬರಿಗೂ ತಮ್ಮ ತಮ್ಮ ಬಾಗಿಲೂ ಇದೆ. ಅಂಥ ಸನ್ನಿಧಿಗೆ ಹೊರಟ ದಂಪತಿಗಳಿಗೆ ದಾರಿಯ ಊರು ಒಂದು ರಾತ್ರಿಯ ಮಟ್ಟಿಗೆ ಒಂದು ಬಾಗಿಲನ್ನು ಕೊಡುವದು ಹೆಚ್ಚಿನ ಮಾತಲ್ಲ. ಅನ್ನವನ್ನು ಕೊಟ್ಟ ಕೈಯೇ ಮರೆಯನ್ನೂ ಕೊಟ್ಟಾಗ ದಾಸೋಹವು ಪೂರ್ಣವಾಗುವದು.